ಮುಖಂಡನ ಕೈಚೀಲ

ಇಟಲಿಯ ಹೆಸರಾಂತ ಕಂಪೆನಿಯೊಂದು ಹೊಲಿದ ಚರ್ಮದ ಕೈಚೀಲ. ಅದರ ಬೆಲೆಯೇ 800 ಡಾಲರಿಗೂ ಮೇಲು. ಅದರೊಳಗೆ 60 ಸಾವಿರ ಡಾಲರುಗಳ ನಗದು. 2014ರ ಡಿಸೆಂಬರಿನಲ್ಲಿ, ನ್ಯೂಯಾರ್ಕ್ ನಗರದಲ್ಲಿ, ಈ ಚೀಲ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಯಿತು. ತೆಗೆದುಕೊಂಡವನು ಗಿರಣಿಯ ಮಾಲೀಕನಲ್ಲ, ಮಂತ್ರಿಯಲ್ಲ, ಸರಕಾರಿ ಗುತ್ತಿಗೆದಾರನೂ ಅಲ್ಲ. ಆತ ಒಂದು ಕಾರ್ಮಿಕ ಸಂಘದ ಅಧ್ಯಕ್ಷ. ಜೈಲು ವಾರ್ಡರುಗಳ ಸಂಘದ ಅಧ್ಯಕ್ಷ.

ಅಮೆರಿಕದ ಜೈಲು ವಾರ್ಡರುಗಳ ಸುದ್ದಿ ನಮಗೇಕೆ ಎಂದು ಕೇಳುವವರಿದ್ದಾರೆ. ಸಂಘದ ಚಂದಾ ಕೊಡುವ ಪ್ರತಿಯೊಬ್ಬ ಗಿರಣಿ ಕೆಲಸಗಾರನಿಗೂ, ಬಜಾರಿನ ವರ್ತಕರ ಸಂಘಕ್ಕೆ ವರ್ಷಾವರ್ಷ ವಂತಿಗೆ ಕಟ್ಟುವ ಪ್ರತಿಯೊಬ್ಬ ಸಣ್ಣ ಅಂಗಡಿಕಾರನಿಗೂ ಇದು ಸಂಬಂಧಿಸಿದ್ದು. ಮನೆ ಬೇರೆಯವರದಾದರೂ ಬೆಂಕಿಯ ಗುಣ ಒಂದೇ.

ಆ ಮುಖಂಡನ ಹೆಸರು ನಾರ್ಮನ್ ಸೀಬ್ರೂಕ್. 1985ರಲ್ಲಿ ಸಾಮಾನ್ಯ ವಾರ್ಡರನಾಗಿ ಕೆಲಸಕ್ಕೆ ಸೇರಿದವನು. 1995ರಲ್ಲಿ ಸಂಘದ ಅಧ್ಯಕ್ಷನಾಗಿ ಆರಿಸಿ ಬಂದ. ಅಲ್ಲಿಂದ 2016ರವರೆಗೆ, ಎಂದರೆ 21 ವರ್ಷ ಕಾಲ, ಆ ಕುರ್ಚಿ ಬಿಟ್ಟು ಏಳಲಿಲ್ಲ. ಸುಮಾರು 9 ಸಾವಿರ ವಾರ್ಡರುಗಳು ಆತನ ಬೆನ್ನಿಗಿದ್ದರು. ಅವರು ಸುಮ್ಮನೆ ಬೆನ್ನಿಗೆ ನಿಲ್ಲಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಸಂಬಳ ಸವಲತ್ತುಗಳ ಮಾತುಕತೆಯಲ್ಲಿ ಆತ ಗಟ್ಟಿಗ. ನಗರದ ಮೇಯರುಗಳು ಆತನ ಮುಂದೆ ತಗ್ಗಿದರು. ರಾಜ್ಯದ ಗವರ್ನರ್ ಆತನನ್ನು ರೈಲು ಬಸ್ಸುಗಳ ಆಡಳಿತ ಮಂಡಲಿಗೆ ನೇಮಿಸಿದರು. ಹೀಗೆ ವಾರ್ಡರನಾಗಿದ್ದವನು ದೊಡ್ಡವರ ಪಂಕ್ತಿಯಲ್ಲಿ ಊಟಕ್ಕೆ ಕುಳಿತ. ಆ ಪಂಕ್ತಿಯಲ್ಲಿ ಕುಳಿತವನಿಗೆ ಹಳೆಯ ಪಂಕ್ತಿಯ ಅನ್ನ ರುಚಿಸುವುದು ಕಷ್ಟ.

2014ರಲ್ಲಿ ಆತ ಸಂಘದ 2 ಕೋಟಿ ಡಾಲರುಗಳನ್ನು ಪ್ಲಾಟಿನಂ ಪಾರ್ಟ್‌ನರ್ಸ್ ಎಂಬ ಖಾಸಗಿ ಹೂಡಿಕೆ ಕಂಪೆನಿಗೆ ಸುರಿದ. ಇದರಲ್ಲಿ ಒಂದೂವರೆ ಕೋಟಿ, ವಾರ್ಡರುಗಳು ಕೆಲಸ ಬಿಟ್ಟು ಹೋಗುವಾಗ ಅವರ ಕೈಗೆ ಸೇರಬೇಕಾದ ವರ್ಷಾಶನದ ನಿಧಿ. ಉಳಿದ 50 ಲಕ್ಷ, ಸಂಘದ ದಿನನಿತ್ಯದ ಬಾಬ್ತಿಗೆ ಇಟ್ಟಿದ್ದ ಹಣ. ಆ ಕಂಪೆನಿಯ ಪರವಾಗಿ ಒಬ್ಬ ದಳ್ಳಾಳಿ ಆತನಿಗೆ ಲಂಚದ ಭಾಷೆ ಕೊಟ್ಟಿದ್ದ. ಕೊಟ್ಟ ಭಾಷೆಯ ಮೊದಲ ಕಂತೇ ಮೇಲೆ ಹೇಳಿದ ಚೀಲ. ಆ 60 ಸಾವಿರಕ್ಕೆ ಲೆಕ್ಕ ತೋರಿಸಲು ಚೆಂಡಾಟದ ಟಿಕೆಟುಗಳ ಸುಳ್ಳು ರಸೀತಿ ಹುಟ್ಟಿಸಿದರು. 2016ರಲ್ಲಿ ಮುಖಂಡ ದಸ್ತಗಿರಿಯಾದ. ಅದೇ ವರ್ಷ ಕಂಪೆನಿ ದಿವಾಳಿ ಎದ್ದಿತು. ವಾರ್ಡರುಗಳ ಸುಮಾರು 1 ಕೋಟಿ 90 ಲಕ್ಷ ಡಾಲರು ನೀರುಪಾಲಾಯಿತು.

2017ರಲ್ಲಿ ನಡೆದ ಮೊದಲ ವಿಚಾರಣೆಯಲ್ಲಿ ಜೂರಿಗಳಲ್ಲಿ ಒಮ್ಮತ ಬರಲಿಲ್ಲ. 2018ರ ಆಗಸ್ಟಿನಲ್ಲಿ ಎರಡನೆಯ ಜೂರಿ ಆತನನ್ನು ಅಪರಾಧಿಯೆಂದಿತು. 2019ರ ಫೆಬ್ರುವರಿಯಲ್ಲಿ 58 ತಿಂಗಳ ಸೆರೆವಾಸ, ಜೊತೆಗೆ 1 ಕೋಟಿ 90 ಲಕ್ಷ ಡಾಲರು ಹಿಂತಿರುಗಿಸಬೇಕೆಂಬ ಆಜ್ಞೆ. ಸುಮಾರು 21 ತಿಂಗಳು ಕಳೆದ ಮೇಲೆ, 2023ರಲ್ಲಿ, ನ್ಯಾಯಾಧೀಶರು ಶಿಕ್ಷೆ ತಗ್ಗಿಸಿ ಆತನನ್ನು ಬಿಟ್ಟರು. ಜೈಲು ಕಾಯುವವರ ನಾಯಕ ತಾನೇ ಕಂಬಿ ಎಣಿಸಿ ಬಂದ.

60 ಸಾವಿರಕ್ಕಾಗಿ 2 ಕೋಟಿ! ಅಂಗಡಿಯ ಕಿರ್ದಿ ಬರೆಯುವ ಹುಡುಗನೂ ಈ ಲೆಕ್ಕ ನೋಡಿ ನಕ್ಕಾನು. ತನ್ನದಾಗಿದ್ದರೆ ಆತ ಹೀಗೆ ಸುರಿಯುತ್ತಿದ್ದನೆ? ಪರರ ದುಡ್ಡಿಗೆ ಭಾರವಿಲ್ಲ. ಕಾರ್ಮಿಕನ ದುಡ್ಡಿಗಂತೂ, ಅದು ಒಮ್ಮೆ ಸಂಘದ ಪೆಟ್ಟಿಗೆಗೆ ಬಿದ್ದ ಮೇಲೆ, ಯಜಮಾನನೇ ಇಲ್ಲ ಎಂಬಂತಾಗುತ್ತದೆ.

ಇಂಥ ಸುದ್ದಿ ಬಂದೊಡನೆ ಎರಡು ಗುಂಪಿನವರು ಬಾಯಿ ತೆರೆಯುತ್ತಾರೆ.

ಮೊದಲನೆಯವರು ಮಾಲೀಕರ ಮಿತ್ರರು. ‘ನೋಡಿದಿರಾ, ಸಂಘಗಳ ಹಣೆಬರಹವೇ ಇಷ್ಟು, ಬಡವನ ಚಂದಾ ನುಂಗಲು ಕಟ್ಟಿದ ಅಂಗಡಿಗಳು, ಇವನ್ನು ಮುಚ್ಚುವುದೇ ಲೇಸು’ ಎನ್ನುತ್ತಾರೆ. ಇವರಿಗೆ ಒಂದೇ ಪ್ರಶ್ನೆ: ಆ ಲಂಚ ಕೊಟ್ಟವರು ಯಾರು? ಹಣವಂತರ ಕಂಪೆನಿಯ ಕಡೆಯವರಲ್ಲವೆ? ಕಂಪೆನಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಮರ್ರೆ ಹ್ಯೂಬರ್‌ಫೆಲ್ಡ್ ಕೂಡ ಇದೇ ವ್ಯವಹಾರದಲ್ಲಿ ತಪ್ಪೊಪ್ಪಿಕೊಂಡು ಶಿಕ್ಷೆಗೆ ಗುರಿಯಾದ. ಅದನ್ನು ನೋಡಿ ‘ಕಂಪೆನಿಗಳನ್ನೆಲ್ಲ ಮುಚ್ಚಿ’ ಎಂದು ಈ ಮಹನೀಯರು ಕೂಗಿದ್ದನ್ನು ನಾವು ಕೇಳಲಿಲ್ಲ. ಬ್ಯಾಂಕಿನಲ್ಲಿ ಕಳವಾದರೆ ಬ್ಯಾಂಕಿಗೆ ಬೀಗ ಬಲವಾಗಿ ಹಾಕಿರೆನ್ನುವವರು, ಸಂಘದಲ್ಲಿ ಕಳವಾದರೆ ಸಂಘವನ್ನೇ ಕೆಡವಿ ಎನ್ನುತ್ತಾರೆ. ಇವರ ಕಣ್ಣು ಕಳ್ಳನ ಮೇಲಲ್ಲ, ಮನೆಯ ಮೇಲೆ.

ಎರಡನೆಯವರು ನಮ್ಮವರೇ. ಆದುದರಿಂದ ಇವರೊಡನೆ ಹೆಚ್ಚು ಖಂಡಿತವಾಗಿ ಮಾತಾಡಬೇಕಾಗಿದೆ. ‘ಮುಖಂಡರನ್ನು ಟೀಕಿಸಬಾರದು, ಒಗ್ಗಟ್ಟು ಮುರಿಯುತ್ತದೆ, ವೈರಿಗೆ ಅನುಕೂಲವಾಗುತ್ತದೆ’ ಎಂಬುದು ಇವರ ಮಂತ್ರ. ನ್ಯೂಯಾರ್ಕಿನ ಸಂಘದಲ್ಲಿಯೂ ಈ ಮಂತ್ರ 21 ವರ್ಷ ನಡೆಯಿತು. ಫಲವೇನಾಯಿತು? ಒಗ್ಗಟ್ಟು ಉಳಿಯಿತು, ಹಣ ಹೋಯಿತು. ವೈರಿಗೆ ನಿಜವಾದ ಅನುಕೂಲ ಮಾಡಿಕೊಟ್ಟವನು ಲೆಕ್ಕ ಕೇಳಿದವನೋ, ಲೆಕ್ಕ ಕೇಳಗೊಡದವನೋ?

ಈ ಲೇಖಕನು ತನ್ನ ಕಣ್ಣಾರೆ ಕಂಡ ಒಂದು ಸಂಗತಿ ಇದೆ. ಸಂಘವೊಂದರ ಸರ್ವಸದಸ್ಯರ ಸಭೆ. ಹೆಸರು ಬೇಡ. ಭಾಷಣಗಳಿಗೆ ಮೂರು ಗಂಟೆ ಹಿಡಿಯಿತು. ಜಮಾಖರ್ಚು ಓದಲು ಐದು ನಿಮಿಷವೂ ಹಿಡಿಯಲಿಲ್ಲ. ಹಿಂದಿನ ಬೆಂಚಿನಿಂದ ಮಗ್ಗದ ಖಾತೆಯ ಮುದುಕರೊಬ್ಬರು ಎದ್ದು, ‘ಇತರೆ ಖರ್ಚು ಅಂತ ಓದಿದಿರಲ್ಲ ಸ್ವಾಮಿ, ಆ ಇತರೆ ಅಂದರೆ ಏನು?’ ಎಂದು ಕೇಳಿದರು. ಸಭೆ ನಕ್ಕಿತು. ಅಧ್ಯಕ್ಷರೂ ನಕ್ಕರು. ‘ಅಜ್ಜ, ಆಮೇಲೆ ಆಫೀಸಿಗೆ ಬಾ, ಹೇಳುತ್ತೇನೆ’ ಎಂದರು. ಚಪ್ಪಾಳೆ ಬಿತ್ತು, ಲೆಕ್ಕ ಮಂಜೂರಾಯಿತು. ಚಪ್ಪಾಳೆ ತಟ್ಟಿದವರಲ್ಲಿ ಈ ಲೇಖಕನೂ ಒಬ್ಬ. ಆ ನಾಚಿಕೆ ಇನ್ನೂ ಹೋಗಿಲ್ಲ.

ಇಷ್ಟಾದರೂ, ಚೀಲದ ಕಳ್ಳತನ ಈ ಕಥೆಯಲ್ಲಿ ದೊಡ್ಡ ಪಾಪವಲ್ಲ ಎಂಬುದೇ ನಮ್ಮ ಮುಖ್ಯ ವಾದ. ಅದಕ್ಕಿಂತ ದೊಡ್ಡದು ಕಾನೂನಿನ ಕೈಗೆ ಸಿಕ್ಕದೆ ಉಳಿಯಿತು.

ನ್ಯೂಯಾರ್ಕಿನ ರೈಕರ್ಸ್ ದ್ವೀಪದಲ್ಲಿ ನಗರದ ದೊಡ್ಡ ಬಂದೀಖಾನೆಯಿದೆ. ಅಲ್ಲಿರುವವರಲ್ಲಿ ಬಹುಪಾಲು ಜನ ಶಿಕ್ಷೆ ಹೊಂದಿದವರಲ್ಲ. ವಿಚಾರಣೆಗೆ ಕಾದವರು, ಜಾಮೀನಿಗೆ ದುಡ್ಡಿಲ್ಲದವರು. 2013ರ ನವೆಂಬರಿನ ಒಂದು ದಿನ, ತನ್ನನ್ನು ಹೊಡೆದರೆಂದು ಇಬ್ಬರು ವಾರ್ಡರುಗಳ ಮೇಲೆ ದೂರು ಕೊಟ್ಟಿದ್ದ ಕೈದಿಯೊಬ್ಬ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಾಗಿತ್ತು. ಅಂದೇ ಕೈದಿಗಳನ್ನು ಒಯ್ಯುವ ಬಸ್ಸುಗಳಲ್ಲಿ ದೋಷವಿದೆಯೆಂಬ ನೆಪ ಹೊರಟು, ಬಸ್ಸುಗಳು ನಿಂತವು. ನೂರಾರು ಕೈದಿಗಳು ಅಂದು ಕೋರ್ಟು ಕಾಣಲಿಲ್ಲ. ಇದರ ಹಿಂದೆ ಸಂಘದ ಕೈಯಿದೆ ಎಂದು ನಗರಾಡಳಿತವೇ ಕೋರ್ಟಿಗೆ ಹೋಯಿತು. ಮುಷ್ಕರವೆಂಬುದು ಕಾರ್ಮಿಕನ ಕೊನೆಯ ಆಯುಧ. ಹೊಟ್ಟೆಗಾಗಿ, ಮಾನಕ್ಕಾಗಿ ಎತ್ತಬೇಕಾದ ಆಯುಧವನ್ನು ಒಬ್ಬ ನಿರ್ಗತಿಕನ ಸಾಕ್ಷಿಯನ್ನು ತಡೆಯಲು ಎತ್ತಿದರೆ, ಅದನ್ನು ಯಾವ ಹೆಸರಿನಿಂದ ಕರೆಯೋಣ?

2014ರ ಆಗಸ್ಟಿನಲ್ಲಿ ಫೆಡರಲ್ ಸರಕಾರದ ವಕೀಲರು ಆ ದ್ವೀಪದ ಎಳೆಯ ಕೈದಿಗಳ ಸ್ಥಿತಿಯ ಮೇಲೆ ವರದಿ ಹೊರಡಿಸಿದರು. 2012ರ ಅಕ್ಟೋಬರಿನ ಕೊನೆಗೆ ಅಲ್ಲಿದ್ದ 16ರಿಂದ 18 ವಯಸ್ಸಿನ ಹುಡುಗರಲ್ಲಿ ನೂರಕ್ಕೆ ಸುಮಾರು 44 ಮಂದಿಯ ಮೇಲೆ ಸಿಬ್ಬಂದಿ ಒಮ್ಮೆಯಾದರೂ ಬಲಪ್ರಯೋಗ ಮಾಡಿದ್ದರು. ಕಲೀಫ್ ಬ್ರೌಡರ್ ಎಂಬ ಹುಡುಗ 2010ರಲ್ಲಿ, 16ನೆಯ ವಯಸ್ಸಿನಲ್ಲಿ, ಚೀಲ ಕದ್ದನೆಂಬ ಆಪಾದನೆಯ ಮೇಲೆ ಅಲ್ಲಿಗೆ ಹೋದ. ವಿಚಾರಣೆಯೇ ನಡೆಯದೆ ಸುಮಾರು ಮೂರು ವರ್ಷ ಕೊಳೆತ. ಅದರಲ್ಲಿ ಬಹುಕಾಲ ಒಂಟಿ ಕೋಣೆಯಲ್ಲಿ. ಕೊನೆಗೆ ಮೊಕದ್ದಮೆ ವಜಾ ಆಯಿತು. 2015ರಲ್ಲಿ ಆತ ತನ್ನ ಜೀವ ತಾನೇ ಕಳೆದುಕೊಂಡ. ಚೀಲ ಕದ್ದನೆಂಬ ರುಜುವಾತಿಲ್ಲದ ಮಾತಿಗೆ ಹುಡುಗನ ಬಾಳು ಹೋಯಿತು. ನೋಟು ತುಂಬಿದ ಚೀಲ ಪಡೆದ ಮುಖಂಡನಿಗೆ 21 ತಿಂಗಳು.

ಇನ್ನೊಂದು ಉದಾಹರಣೆ ಕ್ಯಾಲಿಫೋರ್ನಿಯಾದ್ದು. ಅಲ್ಲಿನ ಸೆರೆಮನೆ ನೌಕರರ ಸಂಘ 1957ರಲ್ಲಿ ಹುಟ್ಟಿತು. 1980ರಿಂದ 2002ರವರೆಗೆ ಡಾನ್ ನೋವಿ ಎಂಬಾತ ಅದರ ಅಧ್ಯಕ್ಷ. ಫೋಲ್ಸಮ್ ಜೈಲಿನಲ್ಲಿ ವಾರ್ಡರನಾಗಿದ್ದವನು. ಈತ ಚೀಲ ಮುಟ್ಟಲಿಲ್ಲ. ಸಂಘದ ದುಡ್ಡು ಕದ್ದನೆಂದು ಈತನನ್ನು ಯಾರೂ ಶಿಕ್ಷಿಸಲಿಲ್ಲ. ಸಮರ್ಥ ಮುಂದಾಳು. ಈತನ ಕಾಲದಲ್ಲಿ ಸಂಘ ರಾಜ್ಯದ ರಾಜಕೀಯದಲ್ಲಿ ಮಹಾ ಶಕ್ತಿಯಾಯಿತು. ಗವರ್ನರುಗಳ ಚುನಾವಣೆಗೆ ಹಣ ಸುರಿಯಿತು. ಮೂರನೆಯ ತಪ್ಪಿಗೆ 25 ವರ್ಷದಿಂದ ಜೀವಾವಧಿಯವರೆಗೆ ಶಿಕ್ಷೆ ಎಂಬ 1994ರ ಕಠಿಣ ಕಾಯಿದೆಯ ಪ್ರಚಾರಕ್ಕೂ ಸಂಘದ ನಿಧಿಯಿಂದ ಹಣ ಹೋಯಿತು. 2002ರಲ್ಲಿ ಸಂಘ ಗಳಿಸಿದ ಒಪ್ಪಂದದಿಂದ ಐದು ವರ್ಷದಲ್ಲಿ ವೇತನ ನೂರಕ್ಕೆ 30ಕ್ಕೂ ಹೆಚ್ಚು ಏರಿತು.

ಆದರೆ ಅದೇ ಕಾಲದಲ್ಲಿ ಇನ್ನೇನು ಏರಿತು? 1980ರ ಸುಮಾರಿಗೆ ಆ ರಾಜ್ಯದ ಕೈದಿಗಳು 24 ಸಾವಿರದಷ್ಟು. 2006ರ ಹೊತ್ತಿಗೆ 1 ಲಕ್ಷ 70 ಸಾವಿರ ದಾಟಿತು. ಜೈಲುಗಳು ಎಷ್ಟು ಕಿಕ್ಕಿರಿದುವೆಂದರೆ, ಕೈದಿಗಳ ಸಂಖ್ಯೆಯನ್ನು ಇಳಿಸಲೇಬೇಕೆಂಬ ಆಜ್ಞೆಯನ್ನು 2011ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಎತ್ತಿ ಹಿಡಿಯಬೇಕಾಯಿತು. ಇದೆಲ್ಲಕ್ಕೂ ಆ ಸಂಘವೊಂದೇ ಕಾರಣವೆಂದರೆ ಸುಳ್ಳಾದೀತು. ಓಟಿಗಾಗಿ ಭಯ ಬಿತ್ತಿದ ರಾಜಕಾರಣಿಗಳು ಮೊದಲ ಕಾರಣರು. ಆದರೆ ಸಂಘ ಅವರ ಬೆನ್ನಿಗೆ ನಿಂತಿತು. ಗಿರಣಿಗೆ ಹತ್ತಿ ಹೇಗೋ ಜೈಲಿಗೆ ಮನುಷ್ಯರು ಹಾಗೆ. ಹತ್ತಿ ಹೆಚ್ಚು ಬಂದರೆ ಪಾಳಿ ಹೆಚ್ಚು. ಮನುಷ್ಯರು ಹೆಚ್ಚು ಬಂದರೆ ಸದಸ್ಯರು ಹೆಚ್ಚು, ಚಂದಾ ಹೆಚ್ಚು, ಅಧ್ಯಕ್ಷನ ಪ್ರತಾಪ ಹೆಚ್ಚು. ತನ್ನ ವರ್ಗದ ಮಕ್ಕಳನ್ನೇ ಕಚ್ಚಾಮಾಲನ್ನಾಗಿ ಕಂಡು ಬೆಳೆಯುವ ಸಂಘಕ್ಕೆ ಕಾರ್ಮಿಕ ಸಂಘವೆಂಬ ಹೆಸರು ಸಲ್ಲುತ್ತದೆಯೆ?

ಹಾಗೆಂದು ವಾರ್ಡರು ನಮ್ಮ ವೈರಿಯಲ್ಲ. ರೈಕರ್ಸ್ ದ್ವೀಪದ ವಾರ್ಡರುಗಳಲ್ಲಿ ಬಹುಮಂದಿ ಕರಿಯರು, ಸ್ಪ್ಯಾನಿಷ್ ಮಾತಾಡುವ ಮನೆಗಳವರು. ಕೈದಿಗಳೂ ಅಂಥ ಮನೆಗಳಿಂದಲೇ ಬಂದವರು. ಬಡವನ ಮಗನನ್ನು ಕಾಯಲು ಬಡವನ ಮಗನನ್ನೇ ನಿಲ್ಲಿಸುವುದು ಆಳುವವರ ಹಳೆಯ ಜಾಣತನ. ವಾರ್ಡರನ ಕಷ್ಟವೂ ನಿಜವಾದದ್ದು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ರಾಜ್ಯದ ಸೆರೆಮನೆಗಳ ವಾರ್ಡರುಗಳು ತಮ್ಮ ಸಂಘದ ಒಪ್ಪಿಗೆಯನ್ನೂ ಕಾಯದೆ, ಸರಕಾರಿ ನೌಕರರ ಮುಷ್ಕರವನ್ನು ನಿಷೇಧಿಸುವ ಕಾಯಿದೆಯನ್ನೂ ಲೆಕ್ಕಿಸದೆ ಹೊರಬಿದ್ದರು. ಪಾಳಿಯ ಮೇಲೆ ಪಾಳಿ ದುಡಿಸುತ್ತಾರೆಂಬುದು ಅವರ ದೂರು. ಅದು ನ್ಯಾಯ. ಒಂಟಿ ಕೋಣೆಯ ಶಿಕ್ಷೆಗೆ ಮಿತಿ ಹಾಕಿದ ಕಾಯಿದೆ ಬೇಡವೆಂಬುದೂ ಅವರ ಬೇಡಿಕೆ. ಅದು ಅನ್ಯಾಯ. ಅದಕ್ಕೆ ಎರಡು ತಿಂಗಳ ಹಿಂದಷ್ಟೆ, 2024ರ ಡಿಸೆಂಬರಿನಲ್ಲಿ, ಅದೇ ರಾಜ್ಯದ ಮಾರ್ಸಿ ಜೈಲಿನಲ್ಲಿ ಕೈಕೋಳ ತೊಟ್ಟಿದ್ದ ರಾಬರ್ಟ್ ಬ್ರೂಕ್ಸ್ ಎಂಬ ಕೈದಿ ವಾರ್ಡರುಗಳ ಹೊಡೆತಕ್ಕೆ ಸತ್ತಿದ್ದ. ಮುಷ್ಕರ ಮೂರು ವಾರ ನಡೆದು ಮುರಿಯಿತು. ಸುಮಾರು 2 ಸಾವಿರ ಮಂದಿ ಕೆಲಸ ಕಳೆದುಕೊಂಡರು. ಎರಡೂ ಬೇಡಿಕೆಗಳನ್ನು ಬೇರ್ಪಡಿಸಿ, ಒಂದನ್ನು ಎತ್ತಿ ಹಿಡಿದು ಇನ್ನೊಂದನ್ನು ಬಿಡಿಸಿ ಹೇಳಬಲ್ಲ ಮುಂದಾಳತ್ವ ಅವರಿಗೆ ಬೇಕಾಗಿತ್ತು. ವರ್ಷಗಟ್ಟಲೆ ಸದಸ್ಯನಿಗೆ ಚಪ್ಪಾಳೆಯೊಂದನ್ನೇ ಕಲಿಸಿದ ಸಂಘದಲ್ಲಿ ಅಂಥ ಮುಂದಾಳು ಹುಟ್ಟುವುದಿಲ್ಲ.

ಇದರಿಂದ ನಾವು ಕಲಿಯಬೇಕಾದದ್ದೇನು? ಒಳ್ಳೆಯ ಮನುಷ್ಯನನ್ನು ಆರಿಸಿದರೆ ಸಾಕು ಎಂಬುದಲ್ಲ. ಸೀಬ್ರೂಕನೂ 1995ರಲ್ಲಿ ಒಳ್ಳೆಯವನೇ ಆಗಿದ್ದಿರಬಹುದು. ಕೆಟ್ಟದ್ದು ಕುರ್ಚಿಯ ಕಾಲಾವಧಿ, ಕೆಟ್ಟದ್ದು ಮುಚ್ಚಿದ ಪುಸ್ತಕ. ನಮ್ಮ ದೇಶದಲ್ಲಿ 1926ರ ಟ್ರೇಡ್ ಯೂನಿಯನ್ ಕಾಯಿದೆಯೇ ಸದಸ್ಯನಿಗೆ ಲೆಕ್ಕದ ಪುಸ್ತಕ ತೆರೆದು ನೋಡುವ ಹಕ್ಕು ಕೊಟ್ಟಿತ್ತು. ಅಷ್ಟು ದಶಕಗಳಲ್ಲಿ ನಮ್ಮಲ್ಲಿ ಎಷ್ಟು ಮಂದಿ ಆ ಪುಸ್ತಕದ ರಟ್ಟನ್ನಾದರೂ ಮುಟ್ಟಿದೆವು?

ಆದುದರಿಂದ ನಮ್ಮ ಬೇಡಿಕೆ ನೇರವಾಗಿದೆ. ಎರಡು ಅವಧಿ ಮುಗಿದ ಮೇಲೆ ಅಧ್ಯಕ್ಷ ತನ್ನ ಮಗ್ಗಕ್ಕೆ ಹಿಂತಿರುಗಲಿ; ಅವನಿಗೆ ಯಂತ್ರದ ಸದ್ದು ಮರೆಯಬಾರದು. ತಿಂಗಳ ಜಮಾಖರ್ಚು ಗೇಟಿನ ಹಲಗೆಯ ಮೇಲೆ, ಓದು ಬಾರದವನಿಗೆ ಓದಿ ಹೇಳುವಂತೆ, ಬರೆದಿರಲಿ. ಸಂಘದ ನಿಧಿಯನ್ನು ಯಾವ ಕಂಪೆನಿಯಲ್ಲಿ ಇಡಬೇಕಾದರೂ ಸರ್ವಸದಸ್ಯರ ಓಟು ಬೀಳಲಿ. ಮುಖಂಡನಿಗೆ ಸರಕಾರದ ಮಂಡಲಿಯಲ್ಲಿ ಕುರ್ಚಿ ಸಿಕ್ಕಿದರೆ ಅದರ ಭತ್ಯ ಸಂಘಕ್ಕೆ ಜಮೆಯಾಗಲಿ. ವರ್ತಕರ ಸಂಘಗಳಿಗೂ ಇದೇ ಮಾತು.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಮುದುಕ ಎದ್ದು ‘ಇತರೆ ಅಂದರೆ ಏನು?’ ಎಂದು ಕೇಳಿದಾಗ, ಗೆಳೆಯರೆ, ನಗಬೇಡಿ. ಅವನ ಪಕ್ಕದಲ್ಲಿ ಎದ್ದು ನಿಲ್ಲಿ. ಉತ್ತರ ಬರುವ ತನಕ ಕುಳಿತುಕೊಳ್ಳಬೇಡಿ.