ಹತ್ತಕ್ಕೆ ಏಳು

ಪುಣೆಯದೋ ಮುಂಬೈಯದೋ ಒಂದು ಫ್ಲಾಟು, ಶನಿವಾರ ರಾತ್ರಿ, ಆರು ಜನ ಗೆಳೆಯರು. ಈ ತಿಂಗಳ ಸರದಿ ನೀಲ್ ಯಂಗ್‌ನ ‘ಟುನೈಟ್ಸ್ ದ ನೈಟ್’ ಆಲ್ಬಮ್‌ನದು. ಮುಕ್ಕಾಲು ಗಂಟೆ ಯಾರೂ ಫೋನ್ ಮುಟ್ಟದೆ ಕೇಳಿದ್ದಾರೆ. ಈ ಕಾಲದಲ್ಲಿ ಅದೇ ದೊಡ್ಡ ಮಾತು. ಕೊನೆಯ ಹಾಡು ಮುಗಿದು ಒಂದೆರಡು ಕ್ಷಣ ಕೋಣೆ ಸುಮ್ಮನಿರುತ್ತದೆ. ಅಷ್ಟರಲ್ಲಿ ಲ್ಯಾಪ್‌ಟಾಪ್ ಹಿಡಿದವನು ಕೇಳುತ್ತಾನೆ: “ಸರಿ, ಎಷ್ಟೆಷ್ಟು?”

“ಏಳು ಹಾಕ್ಕೊ ಗುರು.” “ಎಂಟು ಮಾರಾಯ.” “ಆರೂವರೆ.” “ದನಿ ಒಡದೈತಿ ಲೇ, ನಾಕು ಸಾಕು.” ಉಳಿದಿಬ್ಬರದು ಏಳೇಳು. ಸರಾಸರಿ 6.6. ಆಮೇಲೆ ಅರ್ಧ ಗಂಟೆ ಜಗಳ ನಡೆಯುತ್ತದೆ, ನಿಜ. ಆದರೆ ಅದು ಆಗಷ್ಟೇ ಕೇಳಿದ ಹಾಡುಗಳ ಬಗ್ಗೆ ಅಲ್ಲ. ಹೋದ ತಿಂಗಳು ಪಿಂಕ್ ಫ್ಲಾಯ್ಡ್‌ಗೆ 8.4 ಬಂದಿರುವಾಗ ಇದಕ್ಕೆ 6.6 ನ್ಯಾಯವೇ, ಹಾಗಾದರೆ ಅದಕ್ಕೂ ಮುಂಚೆ ಯಾವುದೋ ಬ್ಯಾಂಡಿಗೆ ಕೊಟ್ಟ 7.1 ಜಾಸ್ತಿಯಾಗಲಿಲ್ಲವೇ ಎಂಬ ಲೆಕ್ಕಪತ್ರದ ಜಗಳ.

ಹೆಸರು, ಊರು, ಆಲ್ಬಮ್ ಬದಲಾಯಿಸಿದರೆ ಗೆಳೆಯರು ಸೇರಿ ರಾಕ್ ಕೇಳುವ ಎಷ್ಟೋ ಕಡೆ ಇದೇ ದೃಶ್ಯ. ಕೇಳುವುದಕ್ಕೆಂದೇ ಸೇರುವ ಜನ ಕಡಿಮೆಯಾಗಿರುವಾಗ ಅವರನ್ನು ಟೀಕಿಸುವುದು ಕಷ್ಟ. ಆದರೂ ಹೇಳಬೇಕು: ಆ ಅಂಕದ ಕಾಲಮ್ಮನ್ನು ಅಳಿಸಿಹಾಕುವುದು ಒಳ್ಳೆಯದು. ವಾದವನ್ನು ಶುರು ಮಾಡಿಸುವ ಸಾಧನ ಎಂದು ಒಳಬಂದ ಅಂಕ ವಾದವನ್ನೇ ತಿಂದುಹಾಕಿದೆ.

ನಾಲ್ಕು ಕೊಟ್ಟವನನ್ನೇ ನೋಡಿ. ಆ ಕೋಣೆಯಲ್ಲಿ ಆ ರಾತ್ರಿ ಆಲ್ಬಮ್ ಬಗ್ಗೆ ನಿಜವಾದ ಮಾತು ಆಡಿದವನು ಅವನೊಬ್ಬನೇ. ದನಿ ಒಡೆದಿದೆ, ಹೌದು. ‘ಮೆಲೋ ಮೈ ಮೈಂಡ್’ ಹಾಡಿನಲ್ಲಿ ನೀಲ್ ಯಂಗ್ ಎಟುಕದ ಸ್ವರಕ್ಕೆ ಕೈಚಾಚಿ, ದನಿ ಸೀಳಿ, ಹಾಗೇ ಮುಂದೆ ಹೋಗುತ್ತಾನೆ. ತಿದ್ದಿ ಮತ್ತೆ ಹಾಡಬಹುದಿತ್ತು, ತಿದ್ದಲಿಲ್ಲ. ಅವನ ಜೊತೆ ನುಡಿಸುತ್ತಿದ್ದ ‘ಕ್ರೇಜಿ ಹಾರ್ಸ್’ ಬ್ಯಾಂಡಿನ ಗಿಟಾರ್ ವಾದಕ ಡ್ಯಾನಿ ವಿಟನ್ 1972ರಲ್ಲಿ ಮಾದಕ ವಸ್ತುವಿಗೆ ಬಲಿಯಾದ. ಮರುವರ್ಷ ವಾದ್ಯ ಸಾಗಿಸಿ ಜೋಡಿಸುತ್ತಿದ್ದ ಸಹಾಯಕ ಬ್ರೂಸ್ ಬೆರಿಯೂ ಅದೇ ದಾರಿ ಹಿಡಿದ. ಆ ಸೂತಕದಲ್ಲಿ, ಬಹುಪಾಲು 1973ರಲ್ಲಿ, ಈ ಹಾಡುಗಳು ರೆಕಾರ್ಡ್ ಆದವು. ಹೊರಬಂದದ್ದು 1975ರಲ್ಲಿ. ಸಾವಿನ ಮನೆಯಲ್ಲಿ ಅಳುವವರ ಶ್ರುತಿ ನೋಡುತ್ತಾರೆಯೇ ಎಂದು ಒಬ್ಬ ಕೇಳಬಹುದು. ದುಃಖ ನಿಜವಾದ ಮಾತ್ರಕ್ಕೆ ಹಾಡು ಒಳ್ಳೆಯದಾಗಬೇಕಿಲ್ಲ, ಕೇಳುವವನ ಕಿವಿಗೂ ಒಂದು ಹಕ್ಕಿದೆ ಎಂದು ಇನ್ನೊಬ್ಬ ಎದುರಾಡಬಹುದು. ಎರಡರಲ್ಲೂ ತಿರುಳಿದೆ, ರಾತ್ರಿಯಿಡೀ ನಡೆಯಬಹುದಾದ ವಾದ ಅದು. ಆದರೆ “ನಾಕು ಸಾಕು” ಎಂದಕೂಡಲೇ ಆ ಮಾತು ಕೋಷ್ಟಕದ ಒಂದು ಚೌಕಕ್ಕೆ ಹೋಗಿ ಕುಳಿತಿತು. ಆಮೇಲೆ ಯಾರೂ ಅವನನ್ನು ಏನೂ ಕೇಳಲಿಲ್ಲ.

ಸರಾಸರಿಯ ಕೇಡು ಇದಕ್ಕಿಂತ ದೊಡ್ಡದು. ಒಂದು ಆಲ್ಬಮ್‌ಗೆ ಆರೂ ಜನ ಏಳೇಳು ಕೊಟ್ಟರು ಎನ್ನೋಣ. ಯಾರಿಗೂ ಬೇಸರವಿಲ್ಲ, ಯಾರೂ ನಾಳೆ ಮತ್ತೆ ಹಾಕಿಕೊಂಡು ಕೇಳುವುದೂ ಇಲ್ಲ. ಇನ್ನೊಂದಕ್ಕೆ ಮೂವರು ಹತ್ತು ಕೊಟ್ಟರು, ಮೂವರು ಮೂರು. ಮೊದಲನೆಯದರ ಸರಾಸರಿ 7, ಎರಡನೆಯದರದು 6.5. ಕೋಷ್ಟಕದಲ್ಲಿ ಗೆದ್ದದ್ದು ಯಾರನ್ನೂ ಅಲುಗಿಸದ ಆಲ್ಬಮ್. ಮೂವರ ತಲೆ ಕೆಡಿಸಿ, ಇನ್ನು ಮೂವರಿಗೆ ಸಿಟ್ಟು ತರಿಸಿದ ಆಲ್ಬಮ್ ಅದರ ಕೆಳಗೆ. ರಾಕ್ ಸಂಗೀತದಲ್ಲಿ ಏನಾದರೂ ಹೊಸತು ಆಗಿದ್ದರೆ ಅದರಲ್ಲಿ ಬಹಳಷ್ಟು ಎರಡನೆಯ ಬಗೆಯ ಆಲ್ಬಮ್‌ಗಳಿಂದ ಆಗಿದೆ. ‘ವೆಲ್ವೆಟ್ ಅಂಡರ್‌ಗ್ರೌಂಡ್’ ಬ್ಯಾಂಡಿನ 1967ರ ಮೊದಲ ಆಲ್ಬಮ್ ಆ ಕಾಲದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 171ನೆಯ ಸ್ಥಾನದಿಂದ ಮೇಲೆ ಹತ್ತಲಿಲ್ಲ. ಮುಂದೆ ಅದನ್ನು ಕೇಳಿ ಗಿಟಾರ್ ಹಿಡಿದವರಿಗೆ ಲೆಕ್ಕವಿಲ್ಲ.

ಅಂಕ ಹಾಕುವ ಈ ಚಾಳಿ ಕ್ಲಬ್ಬಿನವರು ತಾವೇ ಕಂಡುಹಿಡಿದದ್ದಲ್ಲ, ಅಮೆರಿಕದ ಪತ್ರಿಕೆಗಳಿಂದ ಬಂದದ್ದು. ರಾಬರ್ಟ್ ಕ್ರಿಸ್ಟ್‌ಗೌ 1969ರಲ್ಲಿ ನ್ಯೂಯಾರ್ಕಿನ ‘ವಿಲೇಜ್ ವಾಯ್ಸ್’ ವಾರಪತ್ರಿಕೆಯಲ್ಲಿ ‘ಕನ್ಸ್ಯೂಮರ್ ಗೈಡ್’ ಎಂಬ ಅಂಕಣ ಶುರು ಮಾಡಿದ. ಒಂದು ಆಲ್ಬಮ್‌ಗೆ ಒಂದು ಪುಟ್ಟ ಪ್ಯಾರಾ, ಕೊನೆಗೆ ಶಾಲೆಯ ಪ್ರೋಗ್ರೆಸ್ ಕಾರ್ಡಿನಂತೆ ಎ ಪ್ಲಸ್, ಬಿ ಮೈನಸ್. ಅವನ ಮಟ್ಟಿಗೆ ಇದಕ್ಕೊಂದು ಅರ್ಥವಿತ್ತು. ದಶಕಗಟ್ಟಲೆ ಒಬ್ಬನೇ ಮನುಷ್ಯ ಬರೆದದ್ದರಿಂದ ಅವನಿಗೆ ಏನು ರುಚಿಸುತ್ತದೆ, ಏನು ರುಚಿಸುವುದಿಲ್ಲ ಎಂದು ಓದುಗರಿಗೆ ಗೊತ್ತಿತ್ತು. ಅವನು ಬಿ ಮೈನಸ್ ಕೊಟ್ಟದ್ದನ್ನೇ ಹುಡುಕಿಕೊಂಡು ಹೋಗುವಷ್ಟು ಗೊತ್ತಿತ್ತು ಎಂದರೂ ಸರಿಯೇ. ಆ ಗ್ರೇಡಿಗೆ ಒಬ್ಬ ವಾರಸುದಾರನಿದ್ದ. ಕ್ಲಬ್ಬಿನ 6.6ಕ್ಕೆ ಯಾರಿದ್ದಾರೆ? ಆರು ಜನರಲ್ಲಿ ಒಬ್ಬನೂ 6.6 ಎಂದಿರಲಿಲ್ಲ.

ಮುಂದೆ ‘ಪಿಚ್‌ಫೋರ್ಕ್’ ಬಂದು ದಶಾಂಶವನ್ನು ತಂದಿತು. 0.0ಯಿಂದ 10.0ವರೆಗೆ ಒಟ್ಟು 101 ಮೆಟ್ಟಿಲು. 7.3ಕ್ಕೂ 7.4ಕ್ಕೂ ಇರುವ ವ್ಯತ್ಯಾಸ ಮನುಷ್ಯರ ಕಿವಿಗೆ ಸಿಗುವುದೇ ಎಂದು ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2003ರಲ್ಲಿ ಗಾಯಕಿ ಲಿಜ್ ಫೇರ್ ತನ್ನದೇ ಹೆಸರಿನ ಆಲ್ಬಮ್ ತಂದಾಗ ಅಲ್ಲಿ ಸಿಕ್ಕಿದ್ದು 0.0. ವಿಮರ್ಶೆ ಬರೆದವನು 2019ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದ. 2021ರಲ್ಲಿ ‘ಪಿಚ್‌ಫೋರ್ಕ್’ ತನ್ನ ಹಳೆಯ 19 ಅಂಕಗಳನ್ನು ತಿದ್ದಿತು. ಲಿಜ್ ಫೇರ್‌ಗೆ 6.0 ಸಿಕ್ಕಿತು. ಹದಿನೆಂಟು ವರ್ಷದಲ್ಲಿ ಆಲ್ಬಮ್‌ನ ಒಂದು ಸ್ವರವೂ ಬದಲಾಗಿರಲಿಲ್ಲ. ಮರುಮೌಲ್ಯಮಾಪನದಲ್ಲಿ ಆರು ಅಂಕ ಹೆಚ್ಚು ಬಂದರೆ ಎಸೆಸೆಲ್ಸಿ ಹುಡುಗಿಯ ಅಪ್ಪ ಅಮ್ಮ ಪೇಡ ಹಂಚುತ್ತಾರೆ. ಹಾಡುಗಾರ್ತಿ ಏನು ಮಾಡಬೇಕು?

‘ರೋಲಿಂಗ್ ಸ್ಟೋನ್’ ಪತ್ರಿಕೆಯ 500 ಶ್ರೇಷ್ಠ ಆಲ್ಬಮ್‌ಗಳ ಪಟ್ಟಿಯದೂ ಇದೇ ಕಥೆ. 2003ರಲ್ಲಿ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪರ್ಸ್’ ಮೊದಲನೆಯದು. 2020ರಲ್ಲಿ ಅದು 24ಕ್ಕೆ ಇಳಿದು, ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಮೊದಲ ಸ್ಥಾನಕ್ಕೆ ಬಂತು. ಮತ ಹಾಕುವವರು ಬದಲಾದರು, ಪಟ್ಟಿ ಬದಲಾಯಿತು. ಒಳ್ಳೆಯದೇ ಆಯಿತು ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ಆದರೆ ಹಾಗೆ ಒಪ್ಪಿದ ಮೇಲೆ ಅಂಕ ಆಲ್ಬಮ್‌ನ ಗುಣವನ್ನು ಅಳೆಯುತ್ತದೆ ಎಂಬ ಮಾತನ್ನು ಕೈಬಿಡಬೇಕಾಗುತ್ತದೆ.

ಅಂಕವನ್ನು ಯಾವ ಹೊತ್ತಿನಲ್ಲಿ ಹಾಕಬೇಕು ಎಂಬ ಪ್ರಶ್ನೆಯೂ ಇದೆ. ಕ್ಯಾಪ್ಟನ್ ಬೀಫ್‌ಹಾರ್ಟ್‌ನ ‘ಟ್ರೌಟ್ ಮಾಸ್ಕ್ ರೆಪ್ಲಿಕಾ’ 1969ರದು, 28 ತುಣುಕುಗಳ ಜೋಡಿ ಎಲ್‌ಪಿ. ಒಂದೊಂದು ವಾದ್ಯ ಒಂದೊಂದು ಲಯದಲ್ಲಿ ಓಡುತ್ತದೆ. ಮೊದಲ ಸಲ ಕೇಳಿದವರಿಗೆ ವಾದ್ಯಗಳು ಮೆಟ್ಟಿಲಿನಿಂದ ಉರುಳಿದ ಹಾಗೆ ಅನ್ನಿಸುತ್ತದೆ. ‘ಸಿಂಪ್ಸನ್ಸ್’ ಕಾರ್ಟೂನಿನ ಸೃಷ್ಟಿಕರ್ತ ಮ್ಯಾಟ್ ಗ್ರೋನಿಂಗ್ ಹುಡುಗನಾಗಿದ್ದಾಗ ಇದನ್ನು ಕೇಳಿ ಅಸಹ್ಯಪಟ್ಟಿದ್ದ. ಪಟ್ಟು ಬಿಡದೆ ಮತ್ತೆ ಮತ್ತೆ ಕೇಳುತ್ತಾ ಹೋಗಿ, ಆರೇಳನೆಯ ಸಲಕ್ಕೆ ಇದಕ್ಕಿಂತ ದೊಡ್ಡ ಆಲ್ಬಮ್ ಇಲ್ಲ ಎನ್ನುವ ಹಂತ ಮುಟ್ಟಿದ. ಶನಿವಾರದ ಕ್ಲಬ್ಬಿನಲ್ಲಿ ಅವನಿದ್ದಿದ್ದರೆ ಮೊದಲ ರಾತ್ರಿಯೇ ಒಂದೋ ಎರಡೋ ಕೊಟ್ಟು ಮನೆಗೆ ಹೋಗುತ್ತಿದ್ದ. ಒಮ್ಮೆ ಎಲ್ಲರೆದುರು ಎರಡು ಕೊಟ್ಟವನಿಗೆ ಆರು ಸಲ ಕೇಳುವ ಮನಸ್ಸೂ ಬರುವುದಿಲ್ಲ, ತನ್ನ ಎರಡನ್ನು ಸಮರ್ಥಿಸಿಕೊಳ್ಳುವುದೇ ಅವನ ಕೆಲಸವಾಗುತ್ತದೆ.

ಕನ್ನಡದವರಿಗೆ ಇದರಲ್ಲಿ ಇನ್ನೊಂದು ನಷ್ಟವಿದೆ. “ಏಳು ಕೊಡ್ತೀನಿ” ಎಂಬ ವಾಕ್ಯವನ್ನು ನೋಡಿ. ಕೊಡುವವನು ಕೇಳುಗ, ಈಸಿಕೊಳ್ಳುವುದು ಆಲ್ಬಮ್. ಒಬ್ಬ ಮೇಷ್ಟ್ರು, ಒಬ್ಬ ವಿದ್ಯಾರ್ಥಿ. ಆದರೆ ಅದೇ ಜನ ಲೆಕ್ಕ ಮರೆತು ಮಾತಾಡುವಾಗ ಹೇಳುವುದೇ ಬೇರೆ: “ನಂಗೆ ಹಿಡಿಸ್ತು.” “ಎದೆಗೆ ನಾಟ್ತು.” “ನಂಗ್ಯಾಕೋ ತಾಗ್ಲಿಲ್ಲ.” ಇಲ್ಲೆಲ್ಲ ಕೆಲಸ ಮಾಡುತ್ತಿರುವುದು ಹಾಡು. ಕೇಳುವವನು ಚತುರ್ಥಿ ವಿಭಕ್ತಿಯಲ್ಲಿ, ಅದು ಬಂದು ತಟ್ಟುವ ಜಾಗದಲ್ಲಿ, ಕುಳಿತಿದ್ದಾನೆ. ಹಿಡಿಸಲಿಲ್ಲ ಎಂದವನನ್ನು ಯಾಕೆ, ಎಲ್ಲಿ ಎಂದು ಕೇಳಬಹುದು. ಏಳು ಎಂದವನನ್ನು ಆರು ಯಾಕಲ್ಲ ಎಂದಷ್ಟೇ ಕೇಳಬಹುದು.

ರಾಕ್ ಬಗ್ಗೆ ಮಾತಾಡಲು ಕನ್ನಡದಲ್ಲಿ ಪದಗಳಿಲ್ಲ, ಅದಕ್ಕೇ ಅಂಕ ಎನ್ನುವ ವಾದವೂ ಕೇಳಿಬರುತ್ತದೆ. ಇದು ಸೋಮಾರಿತನ. ರೋಲಿಂಗ್ ಸ್ಟೋನ್ಸ್‌ನ ‘ಎಗ್ಸೈಲ್ ಆನ್ ಮೇನ್ ಸ್ಟ್ರೀಟ್’ ಆಲ್ಬಮ್‌ನ ಬಹಳಷ್ಟನ್ನು 1971ರಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಬಂಗಲೆಯ ನೆಲಮಾಳಿಗೆಯಲ್ಲಿ ನುಡಿಸಿದರು. ಜ್ಯಾಗರ್‌ನ ದನಿ ವಾದ್ಯಗಳ ನಡುವೆ ಅರ್ಧ ಮುಳುಗಿದೆ. ಆ ಸದ್ದಿಗೆ ‘ಬಗ್ಗಡ’ ಎನ್ನುವುದಕ್ಕಿಂತ ಸರಿಯಾದ ಮಾತು ಯಾವ ಭಾಷೆಯಲ್ಲಿದೆ? ಬೀಫ್‌ಹಾರ್ಟ್‌ನದು ‘ಒಗರು’: ನೆಲ್ಲಿಕಾಯಿಯಂತೆ, ಜಗಿಯುವಾಗ ಮುಖ ಕಿವುಚಿಸಿ ಆಮೇಲೆ ಬರೀ ನೀರನ್ನೂ ಸಿಹಿ ಮಾಡುವ ಒಗರು. ಸಪ್ಪೆ, ಜಾಳು, ಗಡಸು, ಹದ, ಕಸುವು, ಎಲ್ಲ ಅಡುಗೆಮನೆಯಲ್ಲೂ ಹೊಲದಲ್ಲೂ ಬಿದ್ದಿವೆ.

ಅಂಕವಿಲ್ಲದಿದ್ದರೆ ಪೈಪೋಟಿಯ ಬಿಸಿ ಆರುತ್ತದೆ ಎಂಬ ಅಂಜಿಕೆಯೂ ಬೇಡ. ಕರಾವಳಿಯಿಂದ ಮುಂಬೈಗೆ ಹೋದವರಿಗೆ ಯಕ್ಷಗಾನದ ಜೋಡಾಟ ಗೊತ್ತು. ಅಕ್ಕಪಕ್ಕ ಎರಡು ರಂಗಸ್ಥಳ, ಎರಡು ಮೇಳ, ಒಂದೇ ರಾತ್ರಿ. ಯಾರ ಭಾಗವತಿಕೆ ಮೇಲು, ಯಾರ ಚೆಂಡೆ ಸೋತಿತು ಎಂದು ಊರಿನಲ್ಲಿ ವರ್ಷಗಟ್ಟಲೆ ಮಾತು ನಡೆಯುತ್ತಿತ್ತು. ಆ ಮಾತಿಗೆ ಯಾವ ದಶಾಂಶವೂ ಬೇಕಿರಲಿಲ್ಲ.

ಅಂಕದ ಪರವಾಗಿ ಇರುವ ಒಂದೇ ಗಟ್ಟಿ ವಾದವೆಂದರೆ ಮಾತಾಡದವರದು. ಪ್ರತಿ ಗುಂಪಿನಲ್ಲೂ ಒಬ್ಬ ದೊಡ್ಡ ಗಂಟಲಿನವನಿರುತ್ತಾನೆ, ಎರಡು ಮಾತು ಆಡಿ ಸುಮ್ಮನಾಗುವವರೂ ಇರುತ್ತಾರೆ. ಅಂಕ ಇಬ್ಬರಿಗೂ ಒಂದೇ ತೂಕ ಕೊಡುತ್ತದೆ. ಸರಿಯೇ. ಆದರೆ ಆ ಸಂಕೋಚದವನು ಏಳು ಎಂದ ಮೇಲೆ ಎಷ್ಟು ಕ್ಲಬ್ಬುಗಳು ಅವನ ಕಡೆ ತಿರುಗಿ ಇನ್ನೊಂದು ಮಾತು ಕೇಳುತ್ತವೆ? ಅಂಕ ಸಿಕ್ಕಿದ್ದರಿಂದಲೇ ಅವನ ಪಾಲಿನ ಕೆಲಸ ಮುಗಿಯಿತು ಎಂದಾಗುತ್ತದೆ. ಅವನಿಗೆ ಬೇಕಾದದ್ದು ಸರದಿ. ಒಬ್ಬೊಬ್ಬರಾಗಿ, ನಡುವೆ ಯಾರೂ ಬಾಯಿ ಹಾಕದೆ, ಆಲ್ಬಮ್‌ನ ಒಂದೇ ಒಂದು ಜಾಗವನ್ನು ಹೆಸರಿಸಲಿ: ಇಲ್ಲಿ ಮೈ ನೆಟ್ಟಗಾಯಿತು, ಅಥವಾ ಇಲ್ಲಿಂದ ಮನಸ್ಸು ಆಫೀಸಿಗೆ ಹೋಯಿತು. ದೊಡ್ಡ ಗಂಟಲಿನವನಿಗೆ ಕೊನೆಯ ಸರದಿ. ಕೋಷ್ಟಕ ಬೇಕೇಬೇಕು ಎನ್ನುವವರು ಆ ಚೌಕಗಳಲ್ಲಿ ಒಂದೊಂದು ವಾಕ್ಯ ಬರೆದಿಡಲಿ, ಆರು ತಿಂಗಳ ಮೇಲೆ ಅದೇ ಆಲ್ಬಮ್ ಮತ್ತೆ ಹಾಕಿದಾಗ ಓದಲು ಏನಾದರೂ ಇರುತ್ತದೆ.

ಪುಣೆಯವರೋ ಮುಂಬೈಯವರೋ, ಆ ಆರು ಜನಕ್ಕೆ ಈಗಲೂ ತಡವಾಗಿಲ್ಲ. “ದನಿ ಒಡದೈತಿ ಲೇ” ಎಂದವನ ಪಕ್ಕ ಕುಳಿತು ‘ಮೆಲೋ ಮೈ ಮೈಂಡ್’ ಮತ್ತೊಮ್ಮೆ ಹಾಕಿ, ಆ ದನಿ ಒಡೆಯುವ ಜಾಗಕ್ಕೆ ಬಂದಾಗ ನಿಲ್ಲಿಸಿ ಕೇಳಬೇಕು: “ಇಲ್ಲೇ ಏನು? ಹೇಳು, ಏನನ್ನಿಸ್ತು?”