ನಮ್ಮ ಕ್ಲಿನಿಕ್‌ಗೆ ಕಾಯಂ ಡಾಕ್ಟರ್ ಬೇಕು



ಪ್ರತಿ ಜುಲೈ 1ರಂದು, ವೈದ್ಯರ ದಿನ ಬಂತೆಂದರೆ, ಪತ್ರಿಕೆಗಳೆಲ್ಲ ಒಬ್ಬಿಬ್ಬರು ಪುಣ್ಯಾತ್ಮ ಡಾಕ್ಟರರ ಫೋಟೊ ಹಾಕಿ ಲೇಖನ ಪ್ರಕಟಿಸುತ್ತವೆ. ಮಂಡ್ಯದಲ್ಲಿ ‘ಐದು ರೂಪಾಯಿ ಡಾಕ್ಟರ್’ ಎಂದೇ ಹೆಸರಾದ ಡಾ. ಎಸ್.ಸಿ. ಶಂಕರೇಗೌಡರು ಒಬ್ಬರು. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿ ಹೋದರೆ ನೆಲಮಂಗಲದಾಚೆ ಟಿ. ಬೇಗೂರು, ಅಲ್ಲಿ 1974ರ ಆಗಸ್ಟ್ 15ರಂದು ಭಾನುವಾರದ ಉಚಿತ ಚಿಕಿತ್ಸಾಲಯ ಶುರುಮಾಡಿ, ದಶಕಗಳ ಕಾಲ ಬಿಡದೆ ನಡೆಸಿ, 2010ರಲ್ಲಿ ಪದ್ಮಶ್ರೀ ಪಡೆದ ಡಾ. ಬಿ. ರಮಣರಾವ್ ಇನ್ನೊಬ್ಬರು. ಇಬ್ಬರಿಗೂ ಕೈಮುಗಿಯುತ್ತೇನೆ. ಹೊಗಳುವುದಕ್ಕೆ ನನ್ನ ತಕರಾರಿಲ್ಲ, ಹೊಗಳಿ ಅಲ್ಲಿಗೇ ಮುಗಿಸುವುದಕ್ಕಿದೆ. 2022ರಲ್ಲಿ ಶಂಕರೇಗೌಡರು ಹೃದಯದ ತೊಂದರೆಯಿಂದ ಬೆಂಗಳೂರಿನ ಆಸ್ಪತ್ರೆ ಸೇರಿದಾಗ ಮಂಡ್ಯದ ಸುತ್ತಲ ಹಳ್ಳಿಯವರು ಕಂಗಾಲಾದರು. ಒಬ್ಬ ಮನುಷ್ಯ ಹಾಸಿಗೆ ಹಿಡಿದರೆ ಇಷ್ಟು ಜನ ದಿಕ್ಕೆಡುತ್ತಾರೆಂದರೆ, ಅದು ಆ ಮನುಷ್ಯನ ದೊಡ್ಡತನವೂ ಹೌದು, ಸರ್ಕಾರದ ಲೋಪವೂ ಹೌದು.

ನಾನು ಯಲಹಂಕ ಹಳೇ ಊರಿನವನು. 2007ರಲ್ಲಿ ಬಿಬಿಎಂಪಿಗೆ ಸೇರುವವರೆಗೂ ನಮ್ಮದು ತನ್ನದೇ ನಗರಸಭೆ ಇದ್ದ ಊರು. ಅಲ್ಲಿ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಅಂಥದೇ ನಮ್ಮ ಡಾಕ್ಟರೊಬ್ಬರ ಶಾಪು ಇತ್ತು. ಒಂದು ಬೆಂಚು, ಒಬ್ಬ ಕಾಂಪೌಂಡರ್, ಗುರುತಿನ ಕಾಗದ ಅಂಟಿಸಿದ ಮಿಕ್ಸ್ಚರ್ ಬಾಟಲಿಗಳು. ವೀಲ್ ಅಂಡ್ ಆ್ಯಕ್ಸಲ್ ಕಾರ್ಖಾನೆಯ ಕಾರ್ಮಿಕರು ಶಿಫ್ಟು ಮುಗಿಸಿ ಬರಲೆಂದೇ ಅವರು ರಾತ್ರಿ ಒಂಬತ್ತರವರೆಗೂ ಕೂರುತ್ತಿದ್ದರು. ದುಡ್ಡಿಲ್ಲದಿದ್ದರೆ ‘ಸಂಬಳ ಆದ್ಮೇಲೆ ಕೊಡಿ’ ಅನ್ನುತ್ತಿದ್ದರು. ಕೊಡದವರನ್ನು ಕೇಳಿದ್ದನ್ನು ಯಾರೂ ಕಂಡಿಲ್ಲ. ಆದರೆ ಅವರ ಸೇವೆ ಎಂದರೆ ಫೀಸು ಕಡಿಮೆ ಎಂಬುದಷ್ಟೇ ಅಲ್ಲ. ಜ್ವರ ಎಂದು ಮಗು ಎತ್ತಿಕೊಂಡು ಹೋದ ಸೊಸೆಯನ್ನು ‘ಏನಮ್ಮಾ, ನಿಮ್ಮತ್ತೆ ಸಕ್ಕರೆ ಮಾತ್ರೆ ನುಂಗ್ತಿದಾರಾ?’ ಎಂದು ಕೇಳುತ್ತಿದ್ದರು. ಯಾರ ತಂದೆ ಎದೆನೋವಿನಿಂದ ಹೋದರು, ಯಾರ ಮನೆಯಲ್ಲಿ ಕುಡಿತವಿದೆ, ಯಾವ ಹೆಣ್ಣುಮಗಳಿಗೆ ರಕ್ತ ಕಡಿಮೆ, ಎಲ್ಲ ಅವರ ತಲೆಯಲ್ಲಿತ್ತು. ತಮ್ಮ ಕೈಮೀರಿದ್ದನ್ನು ತಡಮಾಡದೆ ಚೀಟಿ ಬರೆದು ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆಗೋ ಮಲ್ಲೇಶ್ವರದ ಕೆ.ಸಿ. ಜನರಲ್‌ಗೋ ಕಳಿಸುತ್ತಿದ್ದರು.

ಆ ಬಾಗಿಲು ಮುಚ್ಚಿ ವರ್ಷಗಳಾದವು. 2008ರಲ್ಲಿ ವಿಮಾನ ನಿಲ್ದಾಣ ಬಂದಮೇಲೆ ಬಳ್ಳಾರಿ ರಸ್ತೆಯ ಉದ್ದಕ್ಕೂ ಬಾಡಿಗೆ ಏರಿತು, ದೊಡ್ಡ ಆಸ್ಪತ್ರೆಗಳು ಎದ್ದವು. ಅವೂ ಬೇಕು, ಜೀವ ಉಳಿಸಿವೆ. ಆದರೆ ಎದೆ ಉರಿದರೆ ಅದು ಗ್ಯಾಸ್ಟ್ರಿಕ್ಕೋ ಹೃದಯವೋ ಎಂದು ರೋಗಿಯೇ ತೀರ್ಮಾನಿಸಿ, ಯಾವ ಸ್ಪೆಷಲಿಸ್ಟ್ ಮುಂದೆ ಕೂರಬೇಕೆಂದು ರೋಗಿಯೇ ಆರಿಸಿಕೊಳ್ಳುವ ಸ್ಥಿತಿ ಬಂದಿದೆ. ಓದಿದವರೇ ತಡಬಡಾಯಿಸುವ ಕೆಲಸವಿದು. ದುಡ್ಡಿಲ್ಲದವರು ಮೆಡಿಕಲ್ ಶಾಪಿನ ಹುಡುಗನ ಮುಂದೆ ಕೈಚಾಚುತ್ತಾರೆ.

ಇದಕ್ಕೆ ಉತ್ತರವೆಂದೇ 2022ರ ಡಿಸೆಂಬರಿನಿಂದ ರಾಜ್ಯ ಸರ್ಕಾರದ ‘ನಮ್ಮ ಕ್ಲಿನಿಕ್’ಗಳು ಬಂದವು. ಬೆಂಗಳೂರಿನ ಆಗಿನ 243 ವಾರ್ಡುಗಳಿಗೂ ಒಂದೊಂದು ಎಂಬ ಯೋಜನೆ, ಡಾಕ್ಟರು, ನರ್ಸು, ಲ್ಯಾಬ್ ಟೆಕ್ನಿಷಿಯನ್, ಉಚಿತ ಔಷಧ. ಇದನ್ನು ನಾನು ಮನಸಾರೆ ಸ್ವಾಗತಿಸಿದವನು. ಆದರೆ ಶುರುವಿನಲ್ಲಿ ಗೊತ್ತುಮಾಡಿದ ವೇಳೆ ಬೆಳಿಗ್ಗೆ 9ರಿಂದ ಸಂಜೆ 4.30. ಗಾರ್ಮೆಂಟ್ಸ್ ಕೆಲಸದ ಹೆಂಗಸು, ಗಾರೆ ಕೆಲಸದವನು, ಮನೆಗೆಲಸದಾಕೆ, ಇವರಲ್ಲಿ ಯಾರು ಆ ಹೊತ್ತಿನಲ್ಲಿ ಕೂಲಿ ಕಳೆದುಕೊಳ್ಳದೆ ಬರಬಲ್ಲರು? ಆಮೇಲೆ ಕೆಲವು ಕಡೆ ಸಂಜೆಯೂ ತೆರೆಯುವ ಏರ್ಪಾಡಾಯಿತು, ಸರಿ. ದುಡಿಯುವವರು ಹೆಚ್ಚಿರುವ ಪ್ರತಿ ವಾರ್ಡಿಗೂ ಅದು ಬೇಕು.

ಅದಕ್ಕಿಂತ ದೊಡ್ಡ ಕೊರತೆ, ಕುರ್ಚಿಯಲ್ಲಿ ಕೂರುವ ಡಾಕ್ಟರು ಗುತ್ತಿಗೆಯವರು. ಪಿ.ಜಿ. ಸೀಟು ಸಿಕ್ಕರೆ, ಬೇರೆಡೆ ಹೆಚ್ಚು ಸಂಬಳ ಬಂದರೆ ಹೊರಡುತ್ತಾರೆ, ಅವರನ್ನು ದೂರಲಾರೆ. ಉಳಿಯಲು ಅವರಿಗೆ ಕಾರಣವನ್ನೇ ಕೊಟ್ಟಿಲ್ಲ. ಹೊಸಬರು ಬಂದಾಗ ಬಿ.ಪಿ. ರೋಗಿ ಮತ್ತೆ ಮೊದಲಿಂದ ತನ್ನ ಕಥೆ ಹೇಳಬೇಕು. ಒಬ್ಬರೇ ಡಾಕ್ಟರು ಬಹುಕಾಲ ನೋಡುವುದು ಹಳೇ ಕಾಲದವರ ಹಂಬಲ ಮಾತ್ರ ಎಂದುಕೊಳ್ಳುವವರು ನಾರ್ವೆ ದೇಶದತ್ತ ನೋಡಬೇಕು. ಅಲ್ಲಿ ಪ್ರತಿಯೊಬ್ಬ ಪ್ರಜೆಗೂ ಗೊತ್ತುಪಡಿಸಿದ ಒಬ್ಬ ಡಾಕ್ಟರು ಇರುವ ವ್ಯವಸ್ಥೆ 2001ರಿಂದ ಇದೆ. ಸುಮಾರು 45 ಲಕ್ಷ ಜನರ ದಾಖಲೆ ತೆಗೆದು ನೋಡಿದಾಗ, ಒಬ್ಬರೇ ಡಾಕ್ಟರ ಬಳಿ 15 ವರ್ಷಕ್ಕೂ ಹೆಚ್ಚು ಹೋದವರಲ್ಲಿ, ಡಾಕ್ಟರ ಪರಿಚಯ ಒಂದೇ ವರ್ಷದ್ದಾಗಿದ್ದವರಿಗಿಂತ ಸಾವಿನ ಸಂಭವ ಸುಮಾರು ಶೇ 25ರಷ್ಟು ಕಡಿಮೆ ಕಂಡಿತು. ತುರ್ತಾಗಿ ಆಸ್ಪತ್ರೆ ಸೇರುವುದೂ ಕಡಿಮೆಯಾಗಿತ್ತು. ಆಸ್ಪತ್ರೆಯ ಖರ್ಚಿಗೆ ಹೆದರುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಔಷಧ ಯಾವುದಿದೆ?

ಕಾಗದದ ಮೇಲೆ ಇದು ನಮ್ಮವರಿಗೂ ಗೊತ್ತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಕುಟುಂಬ ವೈದ್ಯಶಾಸ್ತ್ರದ ಉನ್ನತ ಪದವಿಯನ್ನು ಬೆಳೆಸಬೇಕೆಂದಿದೆ. 2021ರ ಬ್ಯಾಚಿನಿಂದ ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಕೆಲವು ಹಳ್ಳಿ ಕುಟುಂಬಗಳನ್ನು ದತ್ತು ಪಡೆದು ಅವುಗಳ ಆರೋಗ್ಯ ನೋಡಿಕೊಳ್ಳುವ ಪಾಠವಿದೆ. ಪಾಠ ಕಲಿತು ಬಂದ ಹುಡುಗ ಹುಡುಗಿ ಹತ್ತಿಪ್ಪತ್ತು ವರ್ಷ ಒಂದೇ ಕೇರಿಯ ಮನೆಗಳನ್ನು ನೋಡಿಕೊಳ್ಳುತ್ತೇನೆ ಎಂದರೆ, ಅಂಥ ಹುದ್ದೆಯೇ ನಮ್ಮಲ್ಲಿಲ್ಲ. ವೈದ್ಯ ಪದವಿ ಮುಗಿಸಿದವರಿಂದ ಕಡ್ಡಾಯ ಸೇವೆಯ ಕಾನೂನು ಕೇಳುವುದೂ ಒಂದೇ ವರ್ಷ.

2025ರಲ್ಲಿ ರಚನೆಯಾದ ಬೆಂಗಳೂರು ಉತ್ತರ ನಗರ ಪಾಲಿಕೆ ಇದನ್ನು ಕೈಗೆತ್ತಿಕೊಳ್ಳಲಿ ಎಂಬುದು ನನ್ನ ಒತ್ತಾಯ. ಗುತ್ತಿಗೆ ಬಿಟ್ಟು, ಕಡಿಮೆಯೆಂದರೆ ಐದು ವರ್ಷ ಒಂದೇ ಕ್ಲಿನಿಕ್ಕಿನಲ್ಲಿ ಉಳಿಯುವ ಡಾಕ್ಟರಿಗೆ ಭದ್ರವಾದ ಹುದ್ದೆ, ಸಂಬಳದಲ್ಲಿ ಏರಿಕೆ, ಓದು ಮುಂದುವರಿಸಲು ರಜೆ ಕೊಡಲಿ. ಕ್ಲಿನಿಕ್ಕಿನ ಸುತ್ತಲ ಮನೆಗಳನ್ನು ಆ ಡಾಕ್ಟರ ಹೆಸರಿಗೆ ಬರೆದು, ಮನೆಗೊಂದು ಕಡತ ಮಾಡಲಿ. ಸಾಧ್ಯವಾದರೆ ಸ್ವಂತ ಕ್ಲಿನಿಕ್ ಮುಚ್ಚಿ ಮನೆಯಲ್ಲಿ ಕುಳಿತಿರುವ ಹಿರಿಯ ಡಾಕ್ಟರರನ್ನು ವಾರಕ್ಕೆರಡು ಸಂಜೆ ಕರೆಸಿ ಎಳೆಯರ ಪಕ್ಕದಲ್ಲಿ ಕೂರಿಸಲಿ. ಕರೆದರೆ ಬರುವವರು ನಮ್ಮ ಯಲಹಂಕ, ಆರ್.ಟಿ. ನಗರಗಳಲ್ಲೇ ಇದ್ದಾರೆ. ಮತ್ತು ಪ್ರತಿ ಕ್ಲಿನಿಕ್ಕಿನ ಹೊರಗೆ, ಮುಖ್ಯಮಂತ್ರಿಗಳ ಫೋಟೊ ಇರುವಷ್ಟೇ ದೊಡ್ಡದಾಗಿ, ಒಳಗಿರುವ ಡಾಕ್ಟರ ಹೆಸರನ್ನೂ ಅವರು ಯಾವ ತಾರೀಖಿನಿಂದ ಅಲ್ಲಿದ್ದಾರೆ ಎಂಬುದನ್ನೂ ಬರೆಸಲಿ.

— ಒಬ್ಬ ನಿವೃತ್ತ ಕಾರ್ಮಿಕ, ಯಲಹಂಕ