ಬಾನೆಟ್ ಅಲಂಕಾರದ ವಸ್ತುವಲ್ಲ

ಮಾನ್ಯ ಸಂಪಾದಕರಿಗೆ,

ಹೊರ ವರ್ತುಲ ರಸ್ತೆಯಲ್ಲಿ ಓಡುತ್ತಿದ್ದ ಕಾರಿನ ಕಾರ್ಬನ್ ಫೈಬರ್ ಬಾನೆಟ್ ಎದ್ದು ಗಾಜಿಗೆ ಬಡಿದ ಸುದ್ದಿ ಕಳೆದ ವಾರ ತಮ್ಮ ಪತ್ರಿಕೆಯ ನಗರ ಪುಟದಲ್ಲಿ ನಾಲ್ಕು ಸಾಲಿನಲ್ಲಿ ಬಂದಿತ್ತು. ‘ಅಲಂಕಾರಿಕ ಬಾನೆಟ್ ಕಳಚಿ ಸಂಚಾರ ಅಸ್ತವ್ಯಸ್ತ’ ಎಂಬುದು ತಲೆಬರಹ. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಹುಡುಗನ ಮೊಣಕೈಗೆ ಹನ್ನೊಂದು ಹೊಲಿಗೆ ಬಿದ್ದದ್ದು ಆ ನಾಲ್ಕು ಸಾಲಿನಲ್ಲಿ ಇರಲಿಲ್ಲ. ಆ ಹುಡುಗ ಈ ಪತ್ರ ಬರೆದಾತನ ತಂಗಿಯ ಮಗ. ಸಂಚಾರ ಅರ್ಧ ಗಂಟೆಯಲ್ಲಿ ಸರಿಹೋಯಿತಂತೆ. ಹುಡುಗ ಇನ್ನೂ ಎಡಗೈಯಲ್ಲಿ ಊಟ ಮಾಡುತ್ತಿದ್ದಾನೆ.

‘ಅಲಂಕಾರಿಕ’ ಎಂಬ ಆ ಒಂದು ಪದ ಬರೆದಾತನ ನಿದ್ದೆ ಕೆಡಿಸಿದೆ. ಮೂವತ್ತೆರಡು ವರ್ಷ ಅವನು ಇದೇ ಊರಿನಲ್ಲಿ ಟಿಂಕರಿಂಗ್ ಮಾಡಿದವನು. ಗುದ್ದಿಸಿಕೊಂಡು ಬಂದ ಬಾನೆಟ್ಟುಗಳನ್ನು ತಟ್ಟಿ ಸರಿಮಾಡುತ್ತಲೇ ಮಕ್ಕಳನ್ನು ಓದಿಸಿದವನು. ಬಾನೆಟ್ಟಿಗೆ ಹೊಡೆಯುವ ಬಣ್ಣವನ್ನು ಬೇಕಾದರೆ ಅಲಂಕಾರ ಎನ್ನಲಿ. ಬಾನೆಟ್ಟನ್ನು ಹಾಗೆನ್ನುವುದನ್ನು ಅವನು ಒಪ್ಪಲಾರ.

ಕಂಪನಿ ಕೊಟ್ಟ ಉಕ್ಕಿನ ಬಾನೆಟ್ ಎತ್ತಿ ಅಡಿಯಿಂದ ನೋಡಿದರೆ ಕಾರಣ ತಿಳಿಯುತ್ತದೆ. ಮೇಲಿನ ತಗಡು ಒಂದು ಮಿಲಿಮೀಟರ್ ದಪ್ಪವೂ ಇರುವುದಿಲ್ಲ. ಅದರ ಕೆಳಗೆ ಪಕ್ಕೆಲುಬಿನಂಥ ಒಳಚೌಕಟ್ಟು. ಆ ಚೌಕಟ್ಟಿನಲ್ಲಿ ಅಡ್ಡಲಾಗಿ, ಬೇಕೆಂದೇ ಮೆತ್ತಗೆ ಬಿಟ್ಟ ಜಾಗ. ಎದುರಿನಿಂದ ಗುದ್ದಿದಾಗ ಬಾನೆಟ್ ಅಲ್ಲಿ ಮಡಚಿಕೊಂಡು ಡೇರೆಯಂತೆ ಮೇಲೇಳುತ್ತದೆ. ಇಡೀ ಹಲಗೆಯಾಗಿ ಹಿಂದಕ್ಕೆ ಜಾರಿ, ಗಾಜು ಸೀಳಿ, ಒಳಗೆ ಕೂತವರ ಮೇಲೆ ನುಗ್ಗಬಾರದೆಂದೇ ಈ ಏರ್ಪಾಡು. ಮುಂದಿನ ಲಾಕ್ ಅಕಸ್ಮಾತ್ ಬಿಟ್ಟುಕೊಂಡರೂ ಬಾನೆಟ್ ಹಾರದಂತೆ ಹಿಡಿಯಲು ಎರಡನೆಯ ಕೊಕ್ಕೆಯೊಂದು ಇರುತ್ತದೆ. ಇದರಲ್ಲಿ ಯಾವುದೂ ಚೆಂದಕ್ಕಾಗಿ ಮಾಡಿದ್ದಲ್ಲ.

ಇಷ್ಟು ಕಾರಿನೊಳಗಿನವರ ಮಾತಾಯಿತು. ರಸ್ತೆ ದಾಟುವವರ ಪಾಲಿಗೂ ಈ ತಗಡಿನಲ್ಲಿ ಲೆಕ್ಕವಿದೆ. ಪಾದಚಾರಿಗಳ ರಕ್ಷಣೆಗೆಂದೇ ಎಐಎಸ್-100 ಎಂಬ ಮಾನದಂಡ ನಮ್ಮ ದೇಶದಲ್ಲಿದೆ. 2018ರ ಅಕ್ಟೋಬರ್‌ನಿಂದ ಹೊಸ ಮಾದರಿಯ ಕಾರುಗಳಿಗೆ, 2020ರ ಅಕ್ಟೋಬರ್‌ನಿಂದ ಆಗಲೇ ಮಾರಾಟದಲ್ಲಿದ್ದ ಮಾದರಿಗಳಿಗೂ ಅದು ಅನ್ವಯವಾಯಿತು. ಮಗುವಿನ ತಲೆಗೆ ಸಮನಾದ ಮೂರೂವರೆ ಕಿಲೋ ಗುಂಡು, ದೊಡ್ಡವರ ತಲೆಗೆ ಸಮನಾದ ನಾಲ್ಕೂವರೆ ಕಿಲೋ ಗುಂಡು, ಎರಡನ್ನೂ ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಬಾನೆಟ್ಟಿಗೆ ಹೊಡೆದು, ಒಳಗಿನ ಮಾಪಕ ಎಷ್ಟು ಪೆಟ್ಟು ತೋರಿಸಿತೆಂದು ನೋಡುತ್ತಾರೆ. ತಗಡು ತಗ್ಗಾಗಬೇಕು, ತಗ್ಗಾಗುತ್ತಾ ಪೆಟ್ಟು ನುಂಗಬೇಕು. ಕೆಳಗಿರುವ ಇಂಜಿನ್ನಿನ ಗಟ್ಟಿ ಭಾಗಕ್ಕೆ ತಲೆ ತಾಗಬಾರದು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ನಡೆದುಹೋಗುತ್ತಿದ್ದವರು. ಆ ಗುಂಡಿನ ಪರೀಕ್ಷೆ ಇವರಂಥವರಿಗಾಗಿ ಬಂದದ್ದು. ಕಾರಿನ ಮಾಲೀಕ ಅಂಗಡಿಗೆ ಹೋಗಿ ಆ ಬಾನೆಟ್ ಬಿಚ್ಚಿಸಿ ಬೇರೊಂದು ಹಾಕಿಸಿಕೊಂಡ ದಿನವೇ ಪರೀಕ್ಷೆಯ ಫಲವೂ ಬಿಚ್ಚಿಹೋಗುತ್ತದೆ. ಮಾಲೀಕನಿಗೆ ಅದರಿಂದ ಏನೂ ಆಗದಿರಬಹುದು. ರಸ್ತೆ ದಾಟುವವರನ್ನು ಮಾತ್ರ ಅವನು ಕೇಳಲಿಲ್ಲ.

ಕಾರ್ಬನ್ ಫೈಬರಿನ ಮೇಲೆ ಬರೆದಾತನಿಗೆ ದ್ವೇಷವಿಲ್ಲ. ಅದರ ತೂಕ ಅಷ್ಟೇ ಗಾತ್ರದ ಉಕ್ಕಿನ ಕಾಲುಭಾಗಕ್ಕೂ ಕಡಿಮೆ. ಆದರೆ ಉಕ್ಕು ಬಾಗುತ್ತದೆ, ಬಾಗಿದಂತೆಯೇ ನಿಲ್ಲುತ್ತದೆ. ಕಾರ್ಬನ್ ಒಂದು ಮಿತಿಯವರೆಗೆ ಜಗ್ಗದೆ ನಿಂತು, ಮಿತಿ ಮೀರಿದೊಡನೆ ಪದರ ಬಿಟ್ಟು ಸೀಳುತ್ತದೆ. ಸೀಳಿದ ಅಂಚು ಬಿದಿರ ಸಿಬಿರಿನಂತೆ ಚುಚ್ಚುತ್ತದೆ. ‘ರೇಸ್ ಕಾರುಗಳೆಲ್ಲ ಕಾರ್ಬನ್ನಿನವೇ ಅಲ್ಲವೇ’ ಎಂದು ಅಂಗಡಿಯವರು ಕೇಳುತ್ತಾರೆ. ನಿಜ. 1981ರಲ್ಲಿ ಮೆಕ್ಲಾರೆನ್ ತಂಡ ಕಾರ್ಬನ್ ಫೈಬರ್ ಒಡಲಿನ ಫಾರ್ಮುಲಾ ಒನ್ ಕಾರನ್ನು ಓಟಕ್ಕಿಳಿಸಿತು. ಅದೇ ವರ್ಷ ಮೋಂಜಾದಲ್ಲಿ ಆ ಕಾರು ತಡೆಗೋಡೆಗೆ ಅಪ್ಪಳಿಸಿ ಎರಡು ಹೋಳಾದರೂ ಚಾಲಕ ಜಾನ್ ವಾಟ್ಸನ್ ಎದ್ದು ನಡೆದುಬಂದರು. ಅಲ್ಲಿ ಪ್ರತಿ ಪದರದ ದಿಕ್ಕನ್ನೂ ಇಂಜಿನಿಯರುಗಳು ಲೆಕ್ಕ ಹಾಕಿದ್ದರು. ನಿಸ್ಸಾನ್ 2000ದಲ್ಲಿ ಸ್ಕೈಲೈನ್ ಜಿಟಿ-ಆರ್‌ನ ಒಂದು ಆವೃತ್ತಿಗೂ, ಷೆವರ್ಲೆ 2004ರಲ್ಲಿ ಕಾರ್ವೆಟ್‌ನ ಒಂದು ಆವೃತ್ತಿಗೂ ಕಾರ್ಬನ್ ಬಾನೆಟ್ ಕೂರಿಸಿದವು. ಹಾಗೆ ಕೂರಿಸಿದ್ದು ಕಾರು ಕಟ್ಟಿದ ಕಂಪನಿಗಳು, ಅದಕ್ಕೆ ಹೊಣೆ ನಿಂತದ್ದೂ ಅವೇ. ಹೊರಗಿನ ಅಂಗಡಿಯ ಬಾನೆಟ್ಟಿಗೆ ಹೊಣೆ ಯಾರು?

ಹುಡುಗನ ಕೈ ಸೀಳಿದ ತುಂಡನ್ನು ಬರೆದಾತ ರಸ್ತೆ ಬದಿಯಿಂದ ಎತ್ತಿ ತಂದಿದ್ದಾನೆ. ಮೇಲೆ ಒಂದೇ ಒಂದು ಪದರ ಕಪ್ಪು ನೇಯ್ಗೆ. ಒಳಗೆಲ್ಲ ನೀರಿನ ತೊಟ್ಟಿ ಮಾಡುವಂಥ ಬಿಳಿ ಗ್ಲಾಸ್ ಮ್ಯಾಟ್ ಮತ್ತು ರೆಸಿನ್. ಲಾಕಿನ ಕೊಂಡಿಯನ್ನು ಒಳಗೆ ಲೋಹದ ಪಟ್ಟಿ ಇಡದೆ ನೇರ ಆ ರೆಸಿನ್ನಿಗೇ ಸ್ಕ್ರೂ ಹಾಕಿ ಕೂರಿಸಿದ್ದರು. ವೇಗದಲ್ಲಿ ಗಾಳಿ ಬಾನೆಟ್ಟನ್ನು ಎತ್ತಿ ಎತ್ತಿ ಅದುರಿಸುತ್ತದೆ, ಅಡಿಯಿಂದ ಇಂಜಿನ್ನಿನ ಕಾವು, ಮೇಲಿನಿಂದ ಬಿಸಿಲು. ಕೊಂಡಿ ಒಂದು ಹಿಡಿ ರೆಸಿನ್ನಿನ ಸಮೇತ ಕಿತ್ತುಬಂದಿದೆ. ಇದನ್ನು ‘ಅಲಂಕಾರಿಕ ಬಾನೆಟ್’ ಎಂದು ಅಚ್ಚು ಹಾಕುವುದೆಂದರೆ ತಪ್ಪು ಮಾಡಿದವರ ಮಾತನ್ನೇ ಪತ್ರಿಕೆ ಎತ್ತಿ ಆಡಿದಂತೆ.

ಕಾನೂನು ಇಲ್ಲವೆಂದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಕೇರಳ ಹೈಕೋರ್ಟ್ ಇದನ್ನು ಸಡಿಲವಾಗಿ ಓದಿದಾಗ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೂ ಅಂಗಡಿಯಲ್ಲಿ ಸಿಗುವ ಉತ್ತರ ಒಂದೇ: ‘ಆರ್‌ಸಿಯಲ್ಲಿ ಬಾನೆಟ್ ಅಂತ ಎಲ್ಲಿ ಬರೆದಿದೆ ತೋರಿಸಿ ಸಾರ್.’ ಆರ್‌ಸಿಯಲ್ಲಿ ಬ್ರೇಕ್ ಅಂತಲೂ ಬರೆದಿಲ್ಲ. ಬ್ರೇಕ್ ಕಿತ್ತುಹಾಕಿದ ಗಾಡಿಯನ್ನು ರಸ್ತೆಗೆ ಬಿಡುತ್ತಾರೆಯೇ? ಜರ್ಮನಿಯಲ್ಲಿ ಹೊರಗಿನ ಬಿಡಿಭಾಗ ಹಾಕಿಸಿಕೊಂಡವರು ಅದಕ್ಕೆ ಪರೀಕ್ಷೆಯ ದಾಖಲೆ ತೋರಿಸಬೇಕು, ಅಪಾಯ ತರುವ ಮಾರ್ಪಾಡು ಮಾಡಿದರೆ ಆ ಗಾಡಿಗೆ ರಸ್ತೆಗಿಳಿಯಲು ಇರುವ ಪರವಾನಗಿಯೇ ರದ್ದು. ಇಲ್ಲಿ ಕಾಗದ ಕೇಳುವವರೇ ಇಲ್ಲ.

ಇನ್ನೊಂದು ಮಾತು ಹೇಳದೆ ಇರಲಾಗದು. ಅಪಘಾತಕ್ಕೆ ಎರಡು ವಾರ ಮೊದಲು ತಮ್ಮದೇ ಭಾನುವಾರದ ಪುರವಣಿ ‘ಕಾರಿಗೆ ಹೊಸ ಕಳೆ’ ಎಂದು ಅರ್ಧ ಪುಟ ಬರೆಯಿತು. ಕಾರ್ಬನ್ ಬಾನೆಟ್, ಕಿವಿ ಒಡೆಯುವ ಸೈಲೆನ್ಸರ್, ಎದುರಿನವರ ಕಣ್ಣು ಕುಕ್ಕುವ ದೀಪ, ಎಲ್ಲಕ್ಕೂ ಹೊಗಳಿಕೆ. ಕಾನೂನಿನ ಬಗ್ಗೆ ಒಂದು ಅಕ್ಷರವಿಲ್ಲ. ಅದನ್ನು ಓದಿ ಆಸೆಪಟ್ಟವರು ಇಪ್ಪತ್ತರ ಹುಡುಗರು, ಅವರಲ್ಲಿ ಈ ಕೈ ಕೊಯ್ಸಿಕೊಂಡ ಹುಡುಗನೂ ಒಬ್ಬ. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಬೇಡವೆಂದಾಗ ಪತ್ರಿಕೆಗಳು ದಿನವೂ ಬರೆದವು, ಪೊಲೀಸರು ರಸ್ತೆಯಲ್ಲೇ ಫಿಲ್ಮ್ ಹರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ, ಕಾರಿನ ಮೂತಿಗೆ ಹಾಕಿಸುವ ಲೋಹದ ಬುಲ್ ಬಾರ್‌ಗಳ ವಿರುದ್ಧ ಕ್ರಮಕ್ಕೆ ರಾಜ್ಯಗಳಿಗೆ ಬರೆದದ್ದೂ ಇದೇ 52ನೇ ಕಲಂ ಹಿಡಿದು, ಪಾದಚಾರಿಗಳ ಜೀವದ ಹೆಸರಿನಲ್ಲಿ. ಬುಲ್ ಬಾರ್‌ಗೆ ಒಪ್ಪಿದ ವಾದ ಬಾನೆಟ್ಟಿಗೆ ಯಾಕೆ ಒಪ್ಪುವುದಿಲ್ಲ?

ಇದೆಲ್ಲ ಬೆಂಗಳೂರಿನಲ್ಲೇ ಆಗುತ್ತಿದೆ ಎಂಬುದು ಬರೆದಾತನಿಗೆ ಇನ್ನೂ ನೋವಿನ ಮಾತು. ಕಾರ್ಬನ್ ಫೈಬರನ್ನು ಹೇಗೆ ಬಳಸಬೇಕೆಂದು ದೇಶಕ್ಕೆ ಕಲಿಸಿದ ಊರು ಇದು. ಹಳೆ ವಿಮಾನ ನಿಲ್ದಾಣ ರಸ್ತೆಯ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ತೇಜಸ್ ಯುದ್ಧವಿಮಾನಕ್ಕೆ ಕಾರ್ಬನ್ ಭಾಗಗಳನ್ನು ಒತ್ತಡದ ಕುಲುಮೆಯಲ್ಲಿ ಬೇಯಿಸಿದರು, ಒಳಗೆ ಬಿರುಕಿದೆಯೇ ಎಂದು ಶ್ರವಣಾತೀತ ತರಂಗ ಹಾಯಿಸಿ ನೋಡಿದರು. ವಿಮಾನದ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಇಂಥ ಸಂಯುಕ್ತ ವಸ್ತುವೇ. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ಅದು ಮೊದಲ ಸಲ ಮೇಲೇರಿತು. ಅಲ್ಲಿಂದ ಕೆಲವೇ ಮೈಲಿ ದೂರದ ರಸ್ತೆಗಳಲ್ಲಿ, ಒಂದು ಪರೀಕ್ಷೆಯೂ ಇಲ್ಲದ ತೊಟ್ಟಿ ಮಾಲು ಅದೇ ಹೆಸರು ಹೊತ್ತು ಓಡುತ್ತಿದೆ.

ಸಾರಿಗೆ ಇಲಾಖೆ ಮಾಡಬೇಕಾದದ್ದು ದೊಡ್ಡ ಕೆಲಸವೇನಲ್ಲ. ಹೊರಗಿನ ಬಾನೆಟ್ಟಿಗೆ ಎಐಎಸ್-100 ಪರೀಕ್ಷೆಯ ಪತ್ರವಿಲ್ಲದಿದ್ದರೆ ಅದು ಅಕ್ರಮ ಮಾರ್ಪಾಡು ಎಂದು ಒಂದು ಸುತ್ತೋಲೆ ಹೊರಡಿಸಲಿ. ಅದೇ 182ಎ ಕಲಂನಲ್ಲಿ, ಕೇಂದ್ರ ಅಧಿಸೂಚಿಸಿದ ನಿರ್ಣಾಯಕ ಸುರಕ್ಷತಾ ಭಾಗವನ್ನು ಮಾನದಂಡ ಮೀರಿ ಮಾರುವವರಿಗೆ ಭಾಗವೊಂದಕ್ಕೆ ಒಂದು ಲಕ್ಷ ರೂಪಾಯಿ ದಂಡವಿದೆ. ಆ ಪಟ್ಟಿಯಲ್ಲಿ ಬಾನೆಟ್ ಇರಲೇಬೇಕು. ಹಾಕಿಸಿಕೊಂಡವರನ್ನಷ್ಟೇ ಹಿಡಿದು ಮಾರಿದವರನ್ನು ಬಿಟ್ಟರೆ ಪ್ರಯೋಜನವಿಲ್ಲ.

ತಾವು ಮಾಡಬೇಕಾದದ್ದು ಇನ್ನೂ ಚಿಕ್ಕದು. ‘ಅಲಂಕಾರಿಕ’ ಎಂಬ ಪದಕ್ಕೆ ಅದೇ ನಗರ ಪುಟದಲ್ಲಿ ತಿದ್ದುಪಡಿ ಹಾಕಿ. ಹುಡುಗನಿಗೆ ಗಾಯವಾದದ್ದನ್ನೂ ಸೇರಿಸಿ. ಕಿತ್ತುಬಂದ ತುಂಡು ಬರೆದಾತನ ಮನೆಯಲ್ಲಿ ಹಳೆ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದೆ, ಕೊಂಡಿಯೂ ಅದರಲ್ಲೇ ಇದೆ. ತಮ್ಮ ವರದಿಗಾರರು ಯಾವತ್ತು ಬಂದರೂ ತೋರಿಸುತ್ತಾನೆ.

ಇಂತಿ,
ಒಬ್ಬ ನಿವೃತ್ತ ಟಿಂಕರಿಂಗ್ ಕೆಲಸಗಾರ
ಬೆಂಗಳೂರು